ಅಕ್ಕನ್ನ ಕೇಳಿ: ನಾಲ್ಕೇ ಮಾತು ಅಂದ್ರಿ, ನಾನು ಹನ್ನೊಂದು ಎಣಿಸ್ದೆ

ಈ ಸಲ ಮೂರು ಪತ್ರ ತಗೊಂಡಿದೀನಿ, ಮೂರೂ ಪುಟ್ಟ ಮಕ್ಕಳ ಬೆಳವಣಿಗೆ ಬಗ್ಗೆನೇ. ಮೊದಲನೇದು ಸ್ವಲ್ಪ ಉದ್ದ ಇದೆ, ಕತ್ತರಿಸೋಣ ಅಂತ ಕೂತೋಳು ಹಾಗೇ ಬಿಟ್ಟೆ, ಯಾಕೆ ಅಂತ ಉತ್ತರದಲ್ಲಿ ಗೊತ್ತಾಗುತ್ತೆ.

ಪ್ರಶ್ನೆ: ಅಕ್ಕಾ ನಮಸ್ತೆ. ನಾವಿರೋದು ಸಕಲೇಶಪುರದಿಂದ ಒಳಗೆ ಹಾನುಬಾಳು ಕಡೆ ಒಂದು ಎಸ್ಟೇಟಲ್ಲಿ, ನಮ್ಮೆಜಮಾನ್ರು ಅಲ್ಲಿ ಲೆಕ್ಕ ಬರೆಯೋ ರೈಟರ್. ಮಗಳಿಗೆ ಬರೋ ಶುಕ್ರವಾರಕ್ಕೆ 19 ತಿಂಗಳು ತುಂಬುತ್ತೆ. ಹುಟ್ಟಿದಾಗ 2 ಕೆಜಿ 800 ಗ್ರಾಂ ಇದ್ಲು, ಎತ್ಕೊಳ್ಳೋಕೇ ಭಯ ಆಗೋದು, ಈಗ ನೋಡಿದ್ರೆ ಅಡಿಗೆ ಮನೆ ಕೆಳಗಿನ ಸಾಲಿನ ಡಬ್ಬ ಎಲ್ಲ ಅವಳದೇ, ಮುಚ್ಚಳ ತೆಗೆದು ತೆಗೆದು ಸಾಸಿವೆ ಯಾವುದು ಮೆಂತ್ಯ ಯಾವುದು ಅಂತ ನನಗೇ ಗೊತ್ತಾಗ್ದಿರೋ ಹಾಗೆ ಮಾಡಿಟ್ಟಿದಾಳೆ. ರಾತ್ರಿ ಮಲಗಿದ ಮೇಲೆ ಹಳೇ ಫೋಟೋ ನೋಡ್ತಾ ಕೂತ್ರೆ ಕಣ್ಣಲ್ಲಿ ನೀರು ಬರುತ್ತೆ, ಖುಷಿಗೋ ಭಯಕ್ಕೋ ನನಗೇ ಗೊತ್ತಿಲ್ಲ.

ನಾಲ್ಕೂವರೆ ತಿಂಗಳಿಗೆ ಬೋರಲು ಬಿದ್ಲು, ಏಳಕ್ಕೆ ಕೂತ್ಲು, ಅಲ್ಲೀವರೆಗೂ ಎಲ್ಲ ಸರಿ ಇತ್ತು, ಆಮೇಲೆ ಅಂಬೆಗಾಲು ಇಡ್ಲೇ ಇಲ್ಲ ಅಕ್ಕ. ಕೂತಲ್ಲಿಂದಾನೇ ಒಂದು ಕಾಲು ಮಡಚಿ ಇನ್ನೊಂದು ಕಾಲಲ್ಲಿ ಒದ್ದು ಅಂಡು ಎಳ್ಕೊಂಡು ಎಳ್ಕೊಂಡು ಮನೆಯೆಲ್ಲ ಸುತ್ತೋಳು, ನಮ್ಮದು ಗಾರೆ ನೆಲ, ಜಾರೋಕೆ ಚೆನ್ನಾಗಿರುತ್ತಲ್ಲ, ಚಡ್ಡಿ ಎಲ್ಲ ಹಿಂದೆ ತೂತು. ಹೊಸ್ತಿಲು ದಾಟಿದ ದಿನ ಅತ್ತೆ ಕಾಯಿ ಒಡೆದು ಕಡುಬು ಮಾಡಿದ್ರು, ಆದ್ರೆ ಮಕ್ಕಳು ಅಂಬೆಗಾಲಲ್ಲಿ ದಾಟೋದು ನೋಡಿದೀನಿ ಇದೊಂದು ಕೂತ್ಕೊಂಡೇ ದಾಟ್ತು ಅಂತ ಅವತ್ತೇ ಒಂದು ಮಾತು ಬಂತು. ನಾದಿನಿ ಮಗ ಬೆಂಗಳೂರಲ್ಲಿ 11 ತಿಂಗಳಿಗೇ ನಡೆದ. ಇವಳು 16 ತುಂಬಿದ ಮೇಲೆ, ಮೇ ತಿಂಗಳಲ್ಲಿ, ಕಾಫಿ ಎಲ್ಲ ತೆಗೆದು ಖಾಲಿ ಬಿದ್ದಿರೋ ಕಣದಲ್ಲಿ ಅವರಪ್ಪನ ಬೆರಳು ಬಿಟ್ಟು ಏಳು ಹೆಜ್ಜೆ ಇಟ್ಲು, ಎಂಟನೇದಕ್ಕೆ ಬಿದ್ಲು, ಬಿದ್ದು ತಾನೇ ಚಪ್ಪಾಳೆ ತಟ್ಕೊಂಡ್ಲು.

ಮಾತು ಅಂತ ಬಂದ್ರೆ ನಾಲ್ಕೇ ನಾಲ್ಕು. ಅಮ್ಮ, ಪ್ಪ, ತಾತ, ಟಾಟಾ. ನಾದಿನಿ ಮಗ ಈ ವಯಸ್ಸಿಗೆ ಬಣ್ಣದ ಹೆಸರೆಲ್ಲ ಇಂಗ್ಲಿಷಲ್ಲಿ ಹೇಳ್ತಿದ್ನಂತೆ. ನನ್ನ ಸಹಾಯಕ್ಕೆ ತೋಟದ ಕೆಲಸದವರ ಲೈನ್ ಮನೆಯಿಂದ ಒಬ್ರು ಅಕ್ಕ ಬರ್ತಾರೆ, ಅವರದು ತಮಿಳು, ಇವಳನ್ನ ಜಾಸ್ತಿ ಎತ್ಕೊಳ್ಳೋದು ಅವರೇ, ನೀರು ಬೇಕಾದ್ರೆ ತಣ್ಣಿ ಅಂತಾಳೆ, ಅದೂ ನಮ್ಮ ಭಾಷೆ ಅಲ್ಲ. ಎರಡು ಭಾಷೆ ಕಿವಿಗೆ ಬಿದ್ರೆ ಮಾತು ಲೇಟಾಗುತ್ತೆ ಅಂತ ಪಕ್ಕದ ಎಸ್ಟೇಟಿನವರು ಹೇಳಿದ್ರು. ಆ ಅಕ್ಕನ್ನ ಬಿಡಿಸ್ಬೇಕಾ?

ಉಳಿದಿದ್ರಲ್ಲೆಲ್ಲ ಚೂಟಿ. ನಾಯಿ ಕಂಡ್ರೆ ಬೌ, ಕಾಗೆ ಕಂಡ್ರೆ ಬೆರಳು ತೋರಿಸಿ ಕಾ ಅಂತ ನನ್ನ ಮುಖ ನೋಡ್ತಾಳೆ, ನಾನು ಹೂಂ ಕಾಗೆ ಅಂದ್ರೇನೇ ಸಮಾಧಾನ. ಹಸಿವಾದ್ರೆ ಮಮ್ಮು ಅಂತ ಒಲೆ ಹತ್ರ ಬಂದು ನಿಲ್ತಾಳೆ, ತಟ್ಟೆ ಖಾಲಿಯಾದ್ರೆ ಎರಡೂ ಕೈ ತಿರುಗಿಸಿ ಆತು, ಇನ್ನೊಂದು ತುತ್ತು ಇಡೋಕೆ ಹೋದ್ರೆ ತಲೆ ಅಲ್ಲಾಡಿಸಿ ಬೇ. ಅವರಪ್ಪ ಹೊರಟ್ರೆ ಚಪ್ಪಲಿ ತಂದು ಕೊಡ್ತಾಳೆ, ಒಂದು ಅವರದು ಒಂದು ನನ್ನದು. ಆನೆ ಬಂದಿದೆ ಅಂತ ಗ್ರೂಪಲ್ಲಿ ಮೆಸೇಜ್ ಬಂದು ನಾವು ಆನೆ ಆನೆ ಅಂತ ಮಾತಾಡಿದ್ರೆ ಸಾಕು, ಮೂಗಿನ ಮುಂದೆ ಕೈ ಚಾಚಿ ಸೊಂಡಿಲು ಮಾಡಿ ಆಆ ಅಂತ ಕುಣೀತಾಳೆ, ನಮಗೆ ಜೀವ ಹೋಗ್ತಿರುತ್ತೆ ಇವಳಿಗೆ ಹಬ್ಬ. ಹಠಾನೂ ಇದೆ, ಕೆಲವು ಸಲ ಹಿಂದಿನಿಂದ ಕರೆದ್ರೆ ತಿರುಗೋದೇ ಇಲ್ಲ, ನೆಗಡಿ ಆದಾಗಂತೂ ಏನ್ ಕೂಗಿದ್ರೂ ಕೇಳಿಸ್ದಿರೋ ಥರ ಆಡ್ತಾಳೆ, ಈ ಮಳೇಲಿ ನೆಗಡಿ ಬಿಡೋದೂ ಇಲ್ಲ ಬಿಡಿ. ತೂಕ ಒಂದೂವರೆ ವರ್ಷದ ಇಂಜೆಕ್ಷನ್ ಹಾಕ್ಸಿದ ದಿನ 9 ಕೆಜಿ 300. ಕಮ್ಮಿನಾ? ಒಟ್ಟಿನಲ್ಲಿ ನನ್ನ ಮಗಳು ಹಿಂದಿದಾಳಾ ಅಕ್ಕ?
– ಪುಟ್ಟಿ ಅಮ್ಮ, ಸಕಲೇಶಪುರ ತಾಲ್ಲೂಕು

ಉತ್ತರ: ಪುಟ್ಟಿ ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡ್ಕೊಂಡು. ನಾಲ್ಕೇ ಮಾತು ಅಂತ ಬರೆದು, ಅದರ ಕೆಳಗೆ ನೀವೇ ಒಂದೊಂದಾಗಿ ಹೇಳ್ತಾ ಹೋಗಿದೀರ, ನಾನು ಗೆರೆ ಎಳೀತಾ ಹೋದೆ. ತಣ್ಣಿ ಐದು, ಬೌ ಆರು, ಕಾ ಏಳು, ಮಮ್ಮು ಎಂಟು, ಆತು ಒಂಬತ್ತು, ಬೇ ಹತ್ತು, ಸೊಂಡಿಲು ಸಮೇತ ಆಆ ಹನ್ನೊಂದು. ಮಗು ಪೂರ್ತಿ ಪದ ಸ್ಪಷ್ಟವಾಗಿ ಹೇಳಿದ್ರೇನೇ ಮಾತು ಅಂತ ನಮ್ಮ ಲೆಕ್ಕ, ಆದ್ರೆ ಮಾತು ಎಣಿಸೋರ ಲೆಕ್ಕ ಬೇರೆ, ಅದೇ ವಸ್ತುಗೆ ಅದೇ ಸದ್ದು, ಪ್ರತಿ ಸಲ, ಬೇಕು ಅಂತಾನೇ ಹೇಳ್ತಾಳೆ ಅಂದ್ರೆ ಅದು ಪದ, ತುಂಡಾಗಿದ್ರೂ ಸರಿ, ತಮಿಳಾದ್ರೂ ಸರಿ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರ ಪಟ್ಟೀಲಿ 18 ತಿಂಗಳಿಗೆ ಕೇಳೋದು ಅಮ್ಮ ಅಪ್ಪ ಬಿಟ್ಟು ಮೂರು ಪದ ಹೇಳೋಕೆ ಪ್ರಯತ್ನ ಮಾಡ್ತಾಳಾ ಅಂತ, ಅಷ್ಟೇ. ನಿಮ್ಮವಳು ಅದನ್ನ ದಾಟಿ ಆಗಿದೆ. ಬಣ್ಣದ ಹೆಸರು ಹೇಳೋ ವಯಸ್ಸಂತೂ ಇದಲ್ಲವೇ ಅಲ್ಲ, ನಾದಿನಿ ಮಗ ಗಿಣಿ ಥರ ಹೇಳಿರ್ತಾನೆ, ಹೇಳಲಿ, ಸಂತೋಷ.

ಅದಕ್ಕಿಂತ ನನಗೆ ಇಷ್ಟ ಆಗಿದ್ದು ಕಾಗೆ. ಕಾಗೆ ನೋಡಿ ಬೆರಳು ತೋರಿಸಿ ಆಮೇಲೆ ನಿಮ್ಮ ಮುಖ ನೋಡ್ತಾಳಲ್ಲ, ಅದು ಕಾಗೆ ಬೇಕು ಅಂತ ಅಲ್ಲ, ನಾನು ನೋಡ್ದೆ ನೀನೂ ನೋಡು ಅಂತ. ಈ ವಯಸ್ಸಿನ ಮಕ್ಕಳನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರೆ ಅವರು ಮೊದಲು ಕೇಳೋದ್ರಲ್ಲಿ ಇದೂ ಒಂದು. 16ರಿಂದ 30 ತಿಂಗಳ ಮಕ್ಕಳಿಗೆ ಆಟಿಸಂ ಬಗ್ಗೆ ನೋಡೋ 20 ಪ್ರಶ್ನೆಯ ಎಂ-ಚಾಟ್ ಅಂತ ಒಂದು ಪಟ್ಟಿ ಇದೆ, ಅದ್ರಲ್ಲೂ ಬೆರಳು ತೋರಿಸೋದ್ರ ಬಗ್ಗೆ ಪ್ರಶ್ನೆ ಇದೆ. ಚಪ್ಪಲಿ ವಿಷಯಾನೂ ಹಾಗೇ. ಒಂದು ಅವರದು ಒಂದು ನಿಮ್ಮದು ತಂದ್ರೆ ಏನಂತೆ, ಹೊರಡೋದಕ್ಕೂ ಚಪ್ಪಲಿಗೂ ಸಂಬಂಧ ಇದೆ ಅಂತ ತಲೇಲಿ ಕೂತಿದೆಯಲ್ಲ.

ಅಂಬೆಗಾಲು. ನಾನು 31 ವರ್ಷ ಅಂಗನವಾಡೀಲಿ ಇದ್ದೋಳು, ಆಲೂರು ಬೇಲೂರು ಕಡೆಯೆಲ್ಲ, ತೊಲೆಗೆ ತಕ್ಕಡಿ ನೇತು ಹಾಕಿ ಅದರ ಚಡ್ಡಿಯೊಳಗೆ ಮಕ್ಕಳನ್ನ ಕೂರಿಸಿ ತೂಕ ಬರೆದು ಬರೆದು ಕೈ ಸವೆದಿದೆ. ಅಂಡು ಎಳ್ಕೊಂಡು ಹೋಗೋ ಮಕ್ಕಳು ಪ್ರತಿ ಊರಲ್ಲೂ ಒಂದಿರ್ತಿತ್ತು, ಅವು ನಡೆಯೋದು ಸ್ವಲ್ಪ ತಡ, ಅಷ್ಟೇ, ಕೂತಲ್ಲೇ ಎಲ್ಲ ಕಡೆ ಹೋಗೋಕಾಗುತ್ತೆ ಅಂದ್ಮೇಲೆ ಎದ್ದು ನಿಲ್ಲೋ ತಾಪತ್ರಯ ಯಾಕೆ ಅನ್ಸುತ್ತೇನೋ. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತನೂ ಸೇರಿ ಐದು ದೇಶದಲ್ಲಿ 816 ಮಕ್ಕಳನ್ನ ತಿಂಗಳು ತಿಂಗಳು ನೋಡಿ 2006ರಲ್ಲಿ ಲೆಕ್ಕ ಕೊಟ್ರು, ಅದರ ಪ್ರಕಾರ ಆರೋಗ್ಯವಾಗಿರೋ ಮಗು ತಾನಾಗೇ ನಡೆಯೋ ಕಾಲ 8.2 ತಿಂಗಳಿಂದ 17.6 ತಿಂಗಳು. ನೋಡಿ ಎಷ್ಟು ಅಗಲ ಇದೆ! ನಾದಿನಿ ಮಗನ 11 ಕೂಡ ಅದರೊಳಗೆ, ನಿಮ್ಮ ಪುಟ್ಟಿಯ 16 ಕೂಡ ಅದರೊಳಗೆ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಸಿಡಿಸಿಯವರಂತೂ 2022ರಲ್ಲಿ ಪಟ್ಟಿ ತಿದ್ದಿದಾಗ ಅಂಬೆಗಾಲನ್ನ ಅದರಿಂದ ತೆಗೆದೇ ಹಾಕಿದ್ರು. ನಿಮ್ಮತ್ತೆಗೆ ಇದನ್ನ ಜಗಳಕ್ಕೆ ಹೇಳ್ಬೇಡಿ, ಕಡುಬು ಮಾಡಿ ಹಾಕಿದಾರೆ ಪಾಪ.

ತೂಕಾನೂ ಈಗಲೇ ಮುಗಿಸ್ಬಿಡ್ತೀನಿ. 18 ತಿಂಗಳ ಹೆಣ್ಣುಮಗುಗೆ ನಡುಮಧ್ಯದ ತೂಕ 10.2 ಕೆಜಿ, 8.1ರವರೆಗೂ ಚಾರ್ಟಿನ ಒಳಗೇ. ನಿಮ್ಮವಳದು 9.3, ಹುಟ್ಟಿದ್ದರ ಮೂರರಷ್ಟಕ್ಕಿಂತ ಜಾಸ್ತಿ ಆಗಿದೆ. ತಾಯಿ ಕಾರ್ಡಲ್ಲಿ ಗುಲಾಬಿ ಬಣ್ಣದ ಪುಟ ಇದೆಯಲ್ಲ, ಅದ್ರಲ್ಲಿ ಚುಕ್ಕಿ ಇಟ್ಟು ಹಿಂದಿನ ಚುಕ್ಕಿಗಳಿಗೆ ಸೇರಿಸಿ, ಗೆರೆ ಮೇಲಕ್ಕೆ ಹೋಗ್ತಿದ್ರೆ ಸಾಕು. ಒಂದೊಂದೇ ಚುಕ್ಕಿ ನೋಡಿ ತಲೆ ಕೆಡಿಸ್ಕೋಬೇಡಿ.

ಈಗ ನಾನು ಪತ್ರ ಕತ್ತರಿಸದೇ ಇದ್ದಿದ್ದಕ್ಕೆ ಕಾರಣ. ನೀವು ಭಯ ಪಟ್ಟಿದ್ದು ನಡಿಗೆಗೆ, ಮಾತಿಗೆ, ತೂಕಕ್ಕೆ. ಹಠ ಅಂತ ಒಂದು ಸಾಲಲ್ಲಿ ಬರೆದು ಬಿಡಿ ಅಂತ ಬಿಟ್ರಲ್ಲ, ಹಿಂದಿನಿಂದ ಕರೆದ್ರೆ ತಿರುಗಲ್ಲ, ನೆಗಡಿ ಆದಾಗ ಇನ್ನೂ ಜಾಸ್ತಿ ಅಂತ, ನನ್ನ ಪೆನ್ಸಿಲ್ ನಿಂತಿದ್ದು ಅಲ್ಲಿ.

ಮಕ್ಕಳಿಗೆ ಮೂಗಿನ ಹಿಂಭಾಗದಿಂದ ಕಿವಿ ಒಳಗೆ ಹೋಗೋ ಸಣ್ಣ ನಳಿಗೆ ನಮಗಿಂತ ಗಿಡ್ಡ, ನಮ್ಮದರ ಹಾಗೆ ಇಳಿಜಾರೂ ಇರಲ್ಲ. ನೆಗಡಿ ಆದ್ರೆ ಅದು ಕಟ್ಕೊಳ್ಳುತ್ತೆ, ಕಿವಿ ತಮಟೆ ಹಿಂದೆ ನೀರು ನಿಲ್ಲುತ್ತೆ. ನೋವಿರಲ್ಲ, ಜ್ವರ ಇರಲ್ಲ, ಕಿವಿ ಸೋರಲ್ಲ, ಹಾಗಾಗಿ ಮನೇಲಿ ಯಾರಿಗೂ ಗೊತ್ತಾಗಲ್ಲ. ಮಿಕ್ಸಿ ಸದ್ದು ಕೇಳ್ಸುತ್ತೆ, ಜೀಪ್ ಬಂದ್ರೆ ಓಡ್ತಾಳೆ, ಮೆತ್ತಗೆ ಮಾತಾಡಿದ್ದು ಮಾತ್ರ ನೀರೊಳಗೆ ಮುಳುಗಿ ಕೇಳಿಸ್ಕೊಂಡ ಹಾಗೆ. ಮಾತು ಕಲಿಯೋ ವಯಸ್ಸಲ್ಲಿ ತಿಂಗಳುಗಟ್ಟಲೆ ಹಾಗೇ ಇದ್ರೆ ಮಾತಿಗೆ ಪೆಟ್ಟು.

ಇದನ್ನ ಪುಸ್ತಕ ನೋಡಿ ಹೇಳ್ತಿಲ್ಲ ಕಣಮ್ಮ. ನನ್ನ ಚಿಕ್ಕ ಮಗ ಎರಡೂಕಾಲು ವರ್ಷ ಆದ್ರೂ ಐದಾರು ಮಾತು ಬಿಟ್ಟು ಆಡ್ತಿರ್ಲಿಲ್ಲ. ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು ಅಂತ ನಮ್ಮತ್ತೆ. ನಾನೂ ಹೂಂ ಅಂದೆ, ಊರ ಮಕ್ಕಳ ಕಾರ್ಡೆಲ್ಲ ತಿದ್ದೋಳು ನನ್ನ ಮಗನ ಕಾರ್ಡು ಬೀರೂಲಿ ಇಟ್ಟಿದ್ದೆ. ಒಬ್ಬ ಡಾಕ್ಟ್ರ ಹತ್ರ ಹೋದ್ರೆ ಅವರು ಇವನ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ಹೊಡೆದ್ರು, ಇವನು ತಿರುಗಿದ, ಕಿವಿ ಚೆನ್ನಾಗಿದೆ ಕಣ್ರೀ ಮೂರು ವರ್ಷದವರೆಗೂ ನೋಡಿ ಅಂದ್ರು. ಅಷ್ಟು ಹತ್ರದಲ್ಲಿ ಅಷ್ಟು ಜೋರಾಗಿ ಹೊಡೆದ್ರೆ ಗೋಡೆನೂ ತಿರುಗುತ್ತೆ! ಆರು ತಿಂಗಳು ಹೋಯ್ತು. ಆಮೇಲೆ ನಮ್ಮ ಮೇಲ್ವಿಚಾರಕಿ ಬೈದು ಮೈಸೂರಿನ ಮಾನಸಗಂಗೋತ್ರಿಗೆ ಕಳಿಸಿದ್ರು, ಅಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದಲೂ ಇದೇ ಕೆಲಸ ಅವರದು. ಸದ್ದೇ ಬರದಿರೋ ರೂಮಲ್ಲಿ ಕೂರಿಸಿ ನೋಡಿದ್ರು, ಆಮೇಲೆ ಕಿವಿಗೆ ಒಂದು ಮೆತ್ತನೆ ಬಿರಡೆ ಇಟ್ಟು ಯಂತ್ರ ಒತ್ತಿದ್ರು, ಒಂದು ನಿಮಿಷದ ಕೆಲಸ, ನೋವೂ ಇಲ್ಲ. ಬಂದ ಚೀಟೀಲಿ ಗುಡ್ಡದ ಥರ ಗೆರೆ ಎದ್ದು ಇಳೀಬೇಕಂತೆ. ನಮ್ಮವನದು ಎರಡೂ ಕಿವೀದು ಗದ್ದೆ ಬಯಲಿನ ಹಾಗೆ ಚಪ್ಪಟೆ. ನೀರು ತುಂಬಿದೆ ಅಂದ್ರು. ಔಷಧಿ, ಕಾಯೋದು, ಮತ್ತೆ ಪರೀಕ್ಷೆ, ಕೊನೆಗೆ ಕಿವಿ ತಮಟೆಗೆ ಸಣ್ಣ ಟ್ಯೂಬ್ ಹಾಕಿಸಿದ್ವಿ. ವಾಪಸ್ ಬರೋ ದಿನ ಬಸ್ಸಲ್ಲಿ ಡ್ರೈವರ್ ಹಾರ್ನ್ ಹೊಡೆದ್ರೆ ಬೆಚ್ಚಿ ಬಿದ್ದು ಎರಡೂ ಕಿವಿ ಮುಚ್ಕೊಂಡ, ಹೊಳೆನರಸೀಪುರ ದಾಟೋವರೆಗೂ ಅಳು. ನಾನೂ ಅತ್ತೆ, ಅವನಿಗಿಂತ ಜಾಸ್ತಿ. ಈಗ ಅವನು ಫೋನಲ್ಲಿ ಮಾತಾಡೋಕೆ ಶುರು ಮಾಡಿದ್ರೆ ಇಡು ಮಾರಾಯ ಅನ್ನೋ ಹಾಗಾಗಿದೆ.

ಪುಟ್ಟಿಗೂ ಹಾಗೇ ಇದೆ ಅಂತ ನಾನು ಹೇಳ್ತಿಲ್ಲ, ಹನ್ನೊಂದು ಪದ ಬಂದಿದೆ ಅಂದ್ರೆ ಕೇಳಿಸ್ತಿದೆ, ನೆಗಡಿ ಬಂದಾಗ ಮಂದ ಆಗಿ ಮತ್ತೆ ಸರಿ ಹೋಗ್ತಿರಬಹುದು, ಎಷ್ಟೋ ಮಕ್ಕಳಿಗೆ ಮೂರು ತಿಂಗಳೊಳಗೆ ಆ ನೀರು ತಾನೇ ಇಂಗುತ್ತೆ. ಇಲ್ಲಾ ನಿಜಕ್ಕೂ ಹಠಾನೇ ಇರಬಹುದು, ಆ ವಯಸ್ಸಿಗೆ ಹಠ ಇಲ್ದಿರೋ ಮಗು ಎಲ್ಲಿದೆ. ಆದ್ರೆ ಹಠನಾ ಕಿವಿನಾ ಅಂತ ಮನೇಲಿ ಕೂತು ತೀರ್ಮಾನ ಮಾಡೋದು ಬೇಡ. ಇಎನ್‌ಟಿ ಡಾಕ್ಟ್ರಿಗೆ ತೋರಿಸಿ ಹಿಯರಿಂಗ್ ಟೆಸ್ಟ್ ಮಾಡಿಸಿ, ಚಪ್ಪಾಳೆ ಟೆಸ್ಟ್ ಅಲ್ಲ, ಟಿಂಪನೋಮೆಟ್ರಿ ಮಾಡ್ತೀರಾ ಅಂತ ಬಾಯಿಬಿಟ್ಟು ಕೇಳಿ, ಆ ಚಪ್ಪಟೆ ಗೆರೆ ಚೀಟಿ ಅಂದ್ನಲ್ಲ ಅದು. ನೀರಿದ್ರೆ ಮೂರು ತಿಂಗಳು ಬಿಟ್ಟು ಮತ್ತೆ ನೋಡ್ತಾರೆ. ದುಡ್ಡಿನ ಯೋಚನೆ ಇದ್ರೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರೋ ಆರ್‌ಬಿಎಸ್‌ಕೆ ಟೀಮಿಗೆ ಹೇಳಿ, ಮಕ್ಕಳ ಆರೋಗ್ಯ ನೋಡೋ ಸರ್ಕಾರದ ಯೋಜನೆ ಅದು, 2013ರಲ್ಲಿ ಶುರುವಾಗಿದ್ದು, ಹುಟ್ಟಿದಾಗಿಂದ 18 ವರ್ಷದವರೆಗಿನ ಮಕ್ಕಳಿಗೆ, ಬೆಳವಣಿಗೆ ತಡ ಆಗೋದೂ ಅದರ ಪಟ್ಟೀಲಿ ಇದೆ, ಅವರು ಬರೆದುಕೊಟ್ರೆ ಮುಂದಿನ ಆಸ್ಪತ್ರೆಗೆ ದಾರಿ ಸುಲಭ. ನೀವಿರೋ ಎಸ್ಟೇಟಿಗೆ ಅಂಗನವಾಡಿ ದೂರ ಇರಬಹುದು, ಕಾರ್ಯಕರ್ತೆ ಫೋನ್ ನಂಬರ್ ಇಟ್ಕೊಳ್ಳಿ, ಟೀಮ್ ಬರೋ ದಿನ ಅವರಿಗೆ ಗೊತ್ತಿರುತ್ತೆ.

ಅಲ್ಲೀವರೆಗೂ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡೋದು, ಬಡ್ಸ್ ಹಾಕಿ ತಿರುವೋದು ಏನೂ ಬೇಡ. ಮನೇಲಿ ಬೀಡಿ ಸಿಗರೇಟು ಸೇದೋರಿದ್ರೆ ಅಂಗಳಕ್ಕೆ ಕಳಿಸಿ, ಆ ಹೊಗೆಗೆ ಮಕ್ಕಳ ಕಿವಿ ಸೋಂಕು ಜಾಸ್ತಿ ಆಗುತ್ತೆ. ಮಾತಾಡಿಸೋವಾಗ ಎದುರಿಗೆ ಕೂತು ಮುಖ ಕಾಣೋ ಹಾಗೆ ಮಾತಾಡಿ.

ಲೈನ್ ಮನೆ ಅಕ್ಕನ್ನ ಬಿಡಿಸ್ಬೇಡಿ. ಎರಡು ಭಾಷೆ ಕೇಳಿದ್ರೆ ಮಾತು ತಡ ಆಗುತ್ತೆ ಅನ್ನೋದು ಸುಳ್ಳು, ಎರಡೂ ಭಾಷೆಯ ಪದ ಕೂಡಿಸಿ ಎಣಿಸ್ಬೇಕು ಅಷ್ಟೇ. ನಮ್ಮ ಮಲೆನಾಡಲ್ಲಿ ಮನೇಲಿ ತುಳು, ತೋಟದಲ್ಲಿ ತಮಿಳು, ಅಂಗಡೀಲಿ ಕನ್ನಡ ಅಂತ ಬೆಳೆದೋರು ಎಷ್ಟು ಜನ ಇಲ್ಲ, ಯಾರೂ ಮೂಗರಾಗಿಲ್ಲ. ಟಿವಿ ಮುಂದೆ ಕೂರಿಸೋದಕ್ಕಿಂತ ಸೊಂಟದ ಮೇಲಿಟ್ಕೊಂಡು ತಮಿಳಲ್ಲಿ ಲೊಟಲೊಟ ಮಾತಾಡೋ ಅಕ್ಕ ಸಾವಿರ ಪಾಲು ಮೇಲು.

ಮುಂದೆ ನೋಡ್ಕೊಬೇಕಾದ್ದು ಇಷ್ಟು. ಎರಡು ವರ್ಷದ ಹೊತ್ತಿಗೆ ಎರಡು ಪದ ಜೋಡಿಸ್ಬೇಕು, ಅಮ್ಮ ಬಾ, ತಣ್ಣಿ ಬೇ ಅಂತ, ಪದ ಸುಮಾರು ಐವತ್ತಾದ್ರೂ ಆಗ್ಬೇಕು. ಜೋಡಿಸ್ಲಿಲ್ಲ ಅಂದ್ರೆ ಮತ್ತೆ ತೋರಿಸಿ. ಮತ್ತೆ ಇದು ನಿಮಗೊಬ್ಬರಿಗೇ ಅಲ್ಲ, ಎಲ್ಲರಿಗೂ: 18 ತಿಂಗಳಾದ್ರೂ ನಡೆಯದಿದ್ರೆ, ಬೆರಳು ತೋರಿಸದಿದ್ರೆ, ಇದ್ದ ಮಾತು ಯಾವ ವಯಸ್ಸಲ್ಲೇ ಆಗಲಿ ನಿಂತು ಹೋದ್ರೆ, ಅವರಪ್ಪನೂ ಹಾಗೇ ಇದ್ರು ಅನ್ನೋ ಮಾತನ್ನ ಕೇಳ್ಬೇಡಿ, ಆ ವಾರಾನೇ ಹೊರಡಿ.

ಟೆಸ್ಟ್ ಆದ್ಮೇಲೆ ಗೆರೆ ಗುಡ್ಡನೋ ಗದ್ದೆನೋ ಅಂತ ನನಗೊಂದು ಸಾಲು ಬರೀರಿ. ಕಾಯ್ತಿರ್ತೀನಿ.

ಪ್ರಶ್ನೆ: ಮೇಡಂ, ನಮ್ಮ ಮಗ 32 ವಾರಕ್ಕೇ ಹುಟ್ಟಿದ್ದು. ಈಗ 15 ತಿಂಗಳು. ಮಂಚ ಹಿಡ್ಕೊಂಡು ನಿಲ್ತಾನೆ, ಹಿಡ್ಕೊಂಡೇ ಪಕ್ಕಕ್ಕೆ ಹೆಜ್ಜೆ ಇಡ್ತಾನೆ, ಕೈ ಬಿಟ್ಟು ನಡೆಯಲ್ಲ. ಫೋನಲ್ಲಿ ಒಂದು ಆ್ಯಪ್ ಹಾಕ್ಕೊಂಡಿದೀನಿ, ಅದು ದಿನಾ ಕೆಂಪು ಗುರುತು ತೋರಿಸುತ್ತೆ. ಹೆಂಡತಿಗೆ ಹೇಳಿಲ್ಲ, ನಾನೊಬ್ನೇ ನೋಡ್ಕೊಂಡು ಒದ್ದಾಡ್ತಿದೀನಿ.
– ಕಡೂರಿನ ಒಬ್ಬ ಅಪ್ಪ

ಉತ್ತರ: ಆ್ಯಪಿಗೆ ಹುಟ್ಟಿದ ದಿನ ಕೊಟ್ಟಿದೀರ, ಹುಟ್ಟಬೇಕಿದ್ದ ದಿನ ಕೊಟ್ಟಿಲ್ಲ, ಅದಕ್ಕೇ ಕೆಂಪು. 40 ವಾರ ಇರಬೇಕಾದ ಮಗು ಎಂಟು ವಾರ ಮುಂಚೆ ಬಂದಿದೆ, ಹಾಗಾಗಿ ಎರಡು ವರ್ಷದವರೆಗೂ ಬೆಳವಣಿಗೆ ಲೆಕ್ಕದಲ್ಲಿ ಹೆಚ್ಚುಕಮ್ಮಿ ಎರಡು ತಿಂಗಳು ಕಳೀಬೇಕು. ನಿಮ್ಮವನು ನಡಿಗೆ ಲೆಕ್ಕಕ್ಕೆ 13 ತಿಂಗಳವನು. 13 ತಿಂಗಳಿಗೆ ಮಂಚ ಹಿಡ್ಕೊಂಡು ಪಕ್ಕಕ್ಕೆ ಹೋಗೋದು ಸರಿಯಾಗೇ ಇದೆ. ಇಂಜೆಕ್ಷನ್ ಮಾತ್ರ ಹುಟ್ಟಿದ ತಾರೀಕಿನ ಲೆಕ್ಕಕ್ಕೇ, ಅದರಲ್ಲಿ ಏನೂ ಕಳಿಯೋ ಹಾಗಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿರ್ತಾರೆ, ಆ ಚೀಟಿಗಳು ಇದಾವಾ ಅಂತ ಒಂದ್ಸಲ ಹುಡುಕಿ ನೋಡಿ, ಇಲ್ಲಾಂದ್ರೆ ಡಾಕ್ಟ್ರನ್ನ ಕೇಳಿ. ಹೆಂಡತಿಗೂ ಹೇಳಿ, ಅವರೂ ಅದೇ ಆ್ಯಪ್ ನೋಡ್ಕೊಂಡು ನಿಮಗೆ ಹೇಳದೇ ಒದ್ದಾಡ್ತಿರಬಹುದು.

ಪ್ರಶ್ನೆ: ನಾನು ನಾಕು ಹೆತ್ತು ನಾಕೂ ಸಾಕ್ದೋಳು ಕಣಮ್ಮ, ಯಾವ್ದೂ ಸೊರಗ್ಲಿಲ್ಲ. ಈಗ ಮೊಮ್ಮಗುಂಗೆ 14 ತಿಂಗ್ಳು. ಸೊಸೆ ಓದ್ದೋಳು, ನಾನೇನ್ ಹೇಳಿದ್ರೂ ಮೊಬೈಲ್ ನೋಡ್ತಾಳೆ. ಬಜೆ ತೇಯ್ದು ನಾಲ್ಗೆಗೆ ಹಚ್ಚುವಾ, ಮಾತು ಚೆಂದಾಗಿ ಬತ್ತದೆ ಅಂದ್ರೆ ಬ್ಯಾಡ ಅಂತಾಳೆ. ಗಾಲಿ ವಾಕರ್ ತರ್ಸಿದ್ರೆ ವಾಪಸ್ ಕಳ್ಸಿದ್ಳು. ಮುದ್ದೆ ತಿನ್ಸುವಾ ಅಂದ್ರೆ ಗಂಟ್ಲಿಗೆ ಸಿಕ್ಕತದೆ ಅಂತಾಳೆ. ಮಗ ಊಟಾನೇ ಮಾಡಕಿಲ್ಲ, ಬಾಟ್ಲಿ ಹಾಲು ಮಾತ್ರ ದಿನಕ್ಕೆ ಐದು ಸಲಿ. ಊಟಕ್ಕೆ ಕೂತ್ರೆ ಮೊಬೈಲ್ ಮುಂದಿಟ್ಟು ಬಾಯಿಗೆ ತುರುಕ್ತಾಳೆ. ಯಾರ್ದು ಸರಿ ಹೇಳಮ್ಮ. (ಹೇಳಿ ಬರೆಸಿದ್ದು)
– ಬೇಲೂರು ಕಡೆಯ ಅಜ್ಜಿ

ಉತ್ತರ: ಅಮ್ಮಾವ್ರೇ, ಎರಡು ನಿಮ್ದು, ಎರಡು ಸೊಸೇದು. ಬೇಜಾರು ಮಾಡ್ಕೋಬೇಡಿ.

ಬಜೆ ಬೇಡ. ನಮ್ಮನೇಲೂ ತೇಯ್ದಿದ್ದೇ, ನನ್ನ ನಾಲಿಗೆಗೂ ಹಚ್ಚಿದ್ರಂತೆ, ಆದ್ರೆ ಅದರೊಳಗೆ ಅಸರೋನ್ ಅಂತ ಒಂದು ಅಂಶ ಇದೆ, ಅದು ಒಳ್ಳೇದಲ್ಲ ಅಂತ ಅಮೆರಿಕದಲ್ಲಿ 1968ರಲ್ಲೇ ತಿನ್ನೋ ಪದಾರ್ಥಕ್ಕೆ ಬಜೆ ಹಾಕೋ ಹಾಗಿಲ್ಲ ಅಂತ ಮಾಡಿದ್ರು. ತೇಯೋ ಕಲ್ಲು, ಕೈ, ನೀರು ಎಲ್ಲದರ ಕೊಳೆನೂ ಮಗು ಬಾಯಿಗೇ. ಜೇನಲ್ಲಿ ತೇಯ್ದು ಹಚ್ಚೋರೂ ಇದಾರೆ, ವರ್ಷ ತುಂಬದ ಮಕ್ಕಳಿಗೆ ಜೇನೇ ಕೊಡಬಾರದು. ಮಾತು ಬರೋದು ನಾಲಿಗೆಗೆ ಹಚ್ಚಿದ್ರಿಂದ ಅಲ್ಲ, ನೀವು ದಿನಾ ಕೂರಿಸ್ಕೊಂಡು ಮಾತಾಡಿಸ್ತೀರಲ್ಲ, ಅದರಿಂದ.

ಮುದ್ದೇಲಿ ನೀವೇ ಗೆದ್ರಿ. ನೂರು ಗ್ರಾಂ ರಾಗೀಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಬಿಡೋಕಾಗುತ್ತಾ. ಗಟ್ಟಿ ಮುದ್ದೆ ನುಂಗಿಸೋದು ಬೇಡ, ಮೆತ್ತಗೆ ಮಾಡಿ, ಬಿಸಿ ಆರಿದ ಮೇಲೆ ಬೇಳೆ ಕಟ್ಟಿನ ಸಾರಲ್ಲಿ ಚೆನ್ನಾಗಿ ಕಿವುಚಿ ಕೊಡಿ. ಗಂಟಲಿಗೆ ಸಿಕ್ಕೋದು ಅಂದ್ರೆ ಇಡೀ ಕಡ್ಲೆಬೀಜ, ಹುರಿಗಡ್ಲೆ, ಅದನ್ನ ಕೈಗೆ ಸಿಗೋ ಹಾಗೆ ಇಡಬೇಡಿ. ಇನ್ನು ಊಟ ಕಮ್ಮಿ ಆಗಿರೋದಕ್ಕೆ ಅರ್ಧ ಕಾರಣ ವಯಸ್ಸು, ಮೊದಲ ವರ್ಷ ಆರು ಕೆಜಿ ಏರೋ ಮಗು ಎರಡನೇ ವರ್ಷ ಏರೋದು ಎರಡೂವರೆ ಕೆಜಿ, ಅದಕ್ಕೆ ಮೊದಲಿನ ಹಸಿವೇ ಇರಲ್ಲ. ಇನ್ನರ್ಧ ಆ ಐದು ಬಾಟ್ಲಿ. ಹೊಟ್ಟೆ ತುಂಬಾ ಹಾಲಿದ್ರೆ ಅನ್ನಕ್ಕೆ ಜಾಗ ಎಲ್ಲಿ, ಮತ್ತೆ ಹಾಲಲ್ಲಿ ಕಬ್ಬಿಣದ ಅಂಶ ತೀರಾ ಕಮ್ಮಿ, ಹಾಲೇ ಕುಡಿದು ಬೆಳೆಯೋ ಮಕ್ಕಳಿಗೆ ರಕ್ತ ಕಮ್ಮಿ ಆಗುತ್ತೆ. ದಿನಕ್ಕೆ ಅರ್ಧ ಲೀಟರ್ ಮೀರಬಾರದು, ಲೋಟದಲ್ಲಿ ಕೊಡಿ, ಬಾಟ್ಲಿ ನಿಧಾನಕ್ಕೆ ಬಿಡಿಸಿ.

ಮೊಬೈಲಲ್ಲೂ ನೀವೇ ಸರಿ. ಒಂದು ವರ್ಷದ ಮಗುಗೆ ಮೊಬೈಲ್ ಟಿವಿ ಏನೂ ಬೇಡ, ಎರಡಾದ್ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಇದನ್ನ ನೀವು ಹೇಳಿದ್ರೆ ಸೊಸೆ ಕೇಳಲ್ಲ, ಈ ಪುಟ ತೋರಿಸಿ. ಆದ್ರೆ ಒಂದು ಮಾತು, ಮನೆ ಕೆಲಸ ಎಲ್ಲ ಮುಗಿಸಿ ಒಬ್ಬಳೇ ಊಟ ಮಾಡಿಸೋಕೆ ಕೂತೋಳಿಗೆ ಮೊಬೈಲೇ ಗತಿ ಆಗಿರುತ್ತೆ, ಸಂಜೆ ಊಟ ನಾನು ಮಾಡಿಸ್ತೀನಿ ಕೊಡವ್ವ ಅಂತ ನೀವು ತಟ್ಟೆ ತಗೊಂಡು ಜಗುಲಿಗೆ ಹೋದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ವಾಕರ್ ಸೊಸೇದು. ಆ ದುಂಡನೆ ಪ್ಲಾಸ್ಟಿಕ್ ಗಾಲಿಯೊಳಗೆ ಕೂತ್ರೆ ಮಗು ಕಾಲ ತುದಿಯಲ್ಲಿ ನೂಕ್ಕೊಂಡು ಹೋಗುತ್ತೆ, ತನ್ನ ಭಾರ ತಾನು ಹೊರೋದು ಕಲಿಯಲ್ಲ, ಮೆಟ್ಟಿಲ ಹತ್ರ ಹೋದ್ರೆ ಗಾಲಿ ಸಮೇತ ಉರುಳುತ್ತೆ. ಕೆನಡಾದಲ್ಲಿ 2004ರಲ್ಲಿ ಮಾರೋದನ್ನೇ ನಿಷೇಧ ಮಾಡಿದಾರೆ. ಆದ್ರೆ ನಿಮ್ಮ ಕಾಲದ ಮರದ ಮೂರು ಚಕ್ರದ ಗಾಡಿ ಇತ್ತಲ್ಲ, ಮಗು ಹಿಂದೆ ನಿಂತು ಹಿಡಿ ಹಿಡ್ಕೊಂಡು ತಳ್ಕೊಂಡು ಹೋಗೋದು, ಅದು ಬೇರೆ, ಅದರಲ್ಲಿ ಕಾಲು ಅವನದೇ. ಅಟ್ಟದ ಮೇಲೆ ಇನ್ನೂ ಇದ್ರೆ ಇಳಿಸಿ, ಮೊಳೆ ಎದ್ದಿದೆಯಾ ನೋಡಿ, ಚಕ್ರ ಜೋರಾಗಿ ಓಡಿದ್ರೆ ಸ್ವಲ್ಪ ಬಟ್ಟೆ ಸುತ್ತಿ ಬಿಗಿ ಮಾಡಿ ಅಂಗಳದಲ್ಲಿ ಬಿಡಿ. ಅದಕ್ಕೆ ಸೊಸೆ ಬೇಡ ಅನ್ನಲ್ಲ.